ಗಿರಿಜಾ ಟೀಚರಿಗೆ ಅರವತ್ತು ಉತ್ತರ

ಹೊಟ್ಟೆಕಿಚ್ಚು ಎಲ್ಲರಿಗೂ ಇರುತ್ತದೆ, ಒಪ್ಪಿಕೊಳ್ಳುವವರು ಮಾತ್ರ ಕಡಿಮೆ. ನಾನು ಒಪ್ಪಿಕೊಳ್ಳುತ್ತೇನೆ. ಪಕ್ಕದ ಮನೆಯವರು ಹೊಸ ಗಾಡಿ ತಂದರೆ ನನಗೇನೂ ಅನಿಸುವುದಿಲ್ಲ. ಆದರೆ ಇಪ್ಪತ್ತೆರಡು ವರ್ಷ ಗಣಿತ ಕಲಿಸಿದ ನನ್ನೆದುರು ಬೇರೆ ಶಿಕ್ಷಕರ ಮಾತಿಗೆ ಜನ ತಲೆದೂಗಿದರೆ ಹೊಟ್ಟೆಯೊಳಗೆ ಹಸಿಮೆಣಸಿನಕಾಯಿ ಅರೆದಂತಾಗುತ್ತದೆ. ಹಿಂದೊಮ್ಮೆ ಸನ್ಮಾನ ಸಮಾರಂಭದಲ್ಲಿ ನನಗಿಂತ ಉದ್ದನೆಯ ಹಾರ ಹಾಕಿಸಿಕೊಂಡ ಸಂಗೀತದ ಮಾಸ್ತರರ ಜೊತೆ ಒಂದು ತಿಂಗಳು ಚಹಾ ಕುಡಿದಿರಲಿಲ್ಲ.

ನಾನು ಗಜೇಂದ್ರಗಡದಿಂದ ದಿನಾ ಬಸ್ಸು ಹಿಡಿದು ನರೇಗಲ್ಲಿನ ಶಾಲೆಗೆ ಹೋಗುವವನು. ಗಣಿತ ಶಿಕ್ಷಕರದೊಂದು ಆನ್‌ಲೈನ್ ಬಳಗವಿದೆ ಎಂದು ತಿಳಿದಾಗ ಬಸ್ಸಿನಲ್ಲೇ ಸೇರಿಕೊಂಡೆ. ಯಾರು ಬೇಕಾದರೂ ಚರ್ಚೆ ಆರಂಭಿಸಬಹುದು ಎಂದಿತ್ತು. ಆರಂಭಿಸಿದೆ: 'ಭಿನ್ನರಾಶಿ ಬೋಧನೆಯ ಪರಿಕಲ್ಪನಾತ್ಮಕ ತೊಡಕುಗಳು ಹಾಗೂ ನನ್ನ ಅನುಭವದ ಬೆಳಕಿನಲ್ಲಿ ಅವುಗಳ ಪರಿಹಾರ.' ನಾಲ್ಕು ಪುಟ. ಕೊನೆಗೆ 'ನಿಮ್ಮ ಅಭಿಪ್ರಾಯವೇನು?' ಎಂದು ಕೇಳಿದೆ. ಮೂರು ದಿನ ಯಾರಿಗೂ ಯಾವ ಅಭಿಪ್ರಾಯವೂ ಇರಲಿಲ್ಲ. ನಾಲ್ಕನೆಯ ದಿನ ಒಬ್ಬರು ಕೈಮುಗಿದ ಚಿತ್ರ ಹಾಕಿದರು, ತೀರಿಕೊಂಡವರ ಸುದ್ದಿಗೆ ಹಾಕುತ್ತಾರಲ್ಲ, ಅಂಥದ್ದು.

ಅದೇ ವಾರ ನಮ್ಮ ಶಾಲೆಗೆ ಹೊಸದಾಗಿ ಬಂದ ಗಿರಿಜಾ ಟೀಚರು ಅದೇ ಬಳಗದಲ್ಲಿ ಎರಡು ಸಾಲು ಬರೆದರು: 'ಎರಡಕ್ಕಿಂತ ನಾಲ್ಕು ದೊಡ್ಡದು, ಅದಕ್ಕ ಅರ್ಧಕ್ಕಿಂತ ಕಾಲು ದೊಡ್ಡದು ಅಂತ ನಮ್ಮ ಮಕ್ಕಳು ವಾದಾ ಮಾಡ್ತಾರ. ನಾ ಸೋತೆ. ನೀವೇನ್ ಮಾಡ್ತೀರಿ?' ಸಂಜೆಯೊಳಗೆ ಅರವತ್ತು ಉತ್ತರ! ಒಬ್ಬರು ರೊಟ್ಟಿ ಹರಿದು ಫೋಟೋ ಹಾಕಿದ್ದರು, ಇನ್ನೊಬ್ಬರು ಕಾಗದ ಮಡಚಿದ್ದರು. ನಾನು ಬರೆದದ್ದೂ ಭಿನ್ನರಾಶಿಯೇ ಅಲ್ಲವೇ? ಉರಿಯುತ್ತ ಒಂದೊಂದನ್ನೇ ಓದುತ್ತಿದ್ದೆ. "ಗುರುಗಳ, ಸ್ಟ್ಯಾಂಡ್ ಬಂದು ಭಾಳ ಹೊತ್ತಾತು, ಇಳೀರಿ" ಎಂದು ಕಂಡಕ್ಟರ್ ಎಬ್ಬಿಸಬೇಕಾಯಿತು.

ಮರುದಿನ ಸ್ಟಾಫ್ ರೂಮಿನಲ್ಲಿ, ಉರಿ ಕಾಣದಂತೆ ನಗುತ್ತ ಕೇಳಿದೆ, "ಟೀಚರ್, ಅಷ್ಟ್ ಮಂದಿ ನಿಮಗ ಹ್ಯಾಂಗ ಉತ್ರಾ ಕೊಟ್ರು?"

"ಸಿಟ್ಟಾಗಬ್ಯಾಡ್ರಿ ಸರ್. ನಾ ಖರೇನ ಗೊತ್ತಿಲ್ಲದ್ದು ಕೇಳಿದೆ. ನೀವು ಉತ್ರಾ ಎಲ್ಲಾ ಹೇಳಿ, ಕಡೀಕ ಒಂದು ಪ್ರಶ್ನೆ ಚಿಹ್ನೆ ಇಟ್ಟೀರಿ."

ಸಿಟ್ಟಾದೆ. ಆದರೂ ನನಗೆ ಗೊತ್ತಿಲ್ಲದ್ದು ಏನಿದೆಯೆಂದು ಎರಡು ದಿನ ಹುಡುಕಿದೆ. ಹೆಂಡತಿಯನ್ನು ಕೇಳಿದ್ದರೆ ಪಟ್ಟಿಯೇ ಸಿಗುತ್ತಿತ್ತು, ಕೇಳಲಿಲ್ಲ. ಮೂರನೆಯ ದಿನ ಏಳನೇ ತರಗತಿಯಲ್ಲಿ ಪಾಠ ಮುಗಿಸಿ "ತಿಳೀತೇನು?" ಎಂದೆ. ನಲವತ್ತು ಬಾಯಿ ಒಟ್ಟಿಗೆ "ಹೌದ್ರಿ ಸರ್" ಎಂದವು. ಇಪ್ಪತ್ತೆರಡು ವರ್ಷ ಕೇಳಿಸಿಕೊಂಡು ಹಿಗ್ಗಿದ ಮಾತು ಅಂದು ಮಾತ್ರ ಎದೆಗೆ ಚುಚ್ಚಿತು. ಇಷ್ಟು ವರ್ಷಗಳಲ್ಲಿ ಒಂದು ಮಗುವೂ ನನ್ನನ್ನು ಏನೂ ಕೇಳಿರಲಿಲ್ಲ. ಬಳಗದಲ್ಲಿ ಬರೆದೆ: 'ನನ್ನ ತರಗತಿಯಲ್ಲಿ ಮಕ್ಕಳು ಪ್ರಶ್ನೆ ಕೇಳುವುದಿಲ್ಲ. ಯಾಕೆ?'

ಉತ್ತರಗಳು ಸುರಿದವು. 'ಏನ್ ಬೇಕಾದ್ರೂ ಕೇಳ್ರಿ ಅಂತ ಹೇಳಿ, ಐದು ನಿಮಿಷ ಸುಮ್ಮನ ನಿಂದ್ರಿ ಸರ್' ಎಂದ ಗಿರಿಜಾ ಟೀಚರಿಗೇ ಹೆಚ್ಚು ಮೆಚ್ಚುಗೆ. ನನ್ನ ಪ್ರಶ್ನೆಗಿಂತಲೂ ಹೆಚ್ಚು! ಆದರೂ ಹಾಗೇ ಮಾಡಿದೆ. "ಕೇಳ್ರಿ, ನಾ ಬೈಯಂಗಿಲ್ಲ" ಎಂದು ಬಾಯಿ ಬಿಗಿಹಿಡಿದು ನಿಂತೆ. ಒಂದು ನಿಮಿಷ, ಎರಡು ನಿಮಿಷ. ಕೊನೆಯ ಸಾಲಿನ ಹುಡುಗಿಯೊಬ್ಬಳು ಮೆಲ್ಲಗೆ ಕೈ ಎತ್ತಿದಳು. ನನ್ನ ಕಣ್ಣು ತೇವವಾಯಿತು.

"ಸರ್, ಗಿರಿಜಾ ಟೀಚರ್ ನಮಗ ಯಾವಾಗಿಂದ ಗಣಿತ ಹೇಳ್ತಾರ್ರಿ?"

ಬೈಯಲಿಲ್ಲ, ಮಾತು ಕೊಟ್ಟಿದ್ದೆನಲ್ಲ. ತರಗತಿಯಲ್ಲಿ ಮೊದಲ ಪ್ರಶ್ನೆ ಬಂತೆಂದು ಬಳಗಕ್ಕೆ ತಿಳಿಸಿದೆ. ಎಲ್ಲರೂ ಅಭಿನಂದಿಸುತ್ತಿದ್ದಾರೆ. ಏನು ಕೇಳಿದರು ಎಂದು ಕೆಲವರು ವಿಚಾರಿಸಿದ್ದಾರೆ. ಅವರಿಗೆ ಕೈಮುಗಿದ ಚಿತ್ರ ಹಾಕಿದ್ದೇನೆ.