ವಿಡಿಯೋ ಸಣ್ಣ ಮಾಡುವವನ ಪಾಡು

ಕೆಲವರನ್ನು ದಾರಿಯಲ್ಲಿ ಹೋಗುವಾಗ ಸುಮ್ಮನೆ ನಾಯಿ ಬೆನ್ನು ಹತ್ತುತ್ತದೆ. ನನ್ನನ್ನು ವಿಡಿಯೋ ಬೆನ್ನು ಹತ್ತುತ್ತದೆ. ಇಪ್ಪತ್ತು ವರ್ಷದಿಂದ ಜೆ.ಪಿ. ನಗರದ ಒಂದು ಸಣ್ಣ ಕಂಪನಿಯಲ್ಲಿ ಅದೇ ನನ್ನ ಅನ್ನ. ಆಫೀಸಿನಲ್ಲಿ ಬಿಟ್ಟು ಬಂದೆ ಅಂದುಕೊಂಡರೆ ಕತ್ರಿಗುಪ್ಪೆಯ ಮನೆ ಬಾಗಿಲಲ್ಲಿ ಇನ್ನೊಂದು ಕಾದಿರುತ್ತದೆ.

ಕೆಲಸ ಏನು ಅಂತ ಕೇಳಿದವರಿಗೆ ಮೊದಮೊದಲು ಇಂಗ್ಲಿಷಿನಲ್ಲಿ ದೊಡ್ಡದಾಗಿ ಹೇಳುತ್ತಿದ್ದೆ. ಈಗ ಸಲೀಸಾಗಿ ಹೇಳುತ್ತೇನೆ: "ಕ್ಯಾಮೆರಾದಲ್ಲಿ ತೆಗೆದಿದ್ದನ್ನ ಹಾಗೇ ಕಳಿಸಿದ್ರೆ ನೆಟ್ ತಡೆಯಲ್ಲ ಸಾರ್. ಕಣ್ಣಿಗೆ ಗೊತ್ತಾಗದ ಹಾಗೆ ಬೇಡದ್ದನ್ನ ಕಿತ್ತು ಹಾಕಿ, ಉಳಿದಿದ್ದನ್ನ ಒತ್ತಿ ಮಡಚಿ ಕಳಿಸ್ತೀವಿ. ಆ ಕಡೆ ಬಿಚ್ಕೋತಾರೆ."

ನಮ್ಮ ಬೀದಿಯ ಹಿರಿಯರೊಬ್ಬರು ಇದನ್ನು ಪೂರ್ತಿ ಕೇಳಿ ತಲೆಯಾಡಿಸಿದರು. "ಗೊತ್ತಾಯ್ತು ಬಿಡಿ. ಇಸ್ತ್ರಿ ಅಂಗಡಿ."

ಅಮ್ಮನ ಭವಿಷ್ಯ

ನಮ್ಮಮ್ಮನಿಗೆ ಎಪ್ಪತ್ತೊಂಬತ್ತು. ಕಣ್ಣು ಮಂಜು, ಆದರೆ ಕಿವಿ ಮಾತ್ರ ಇನ್ನೂ ಚುರುಕು. ಕ್ರಿಕೆಟ್ ಅಂದರೆ ಪ್ರಾಣ. ಟಿವಿ ಎದುರಿಗಲ್ಲ, ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು ಮ್ಯಾಚ್ "ನೋಡುತ್ತಾರೆ".

ನಾವು ನೆಲಮಹಡಿ, ಓನರ್ ಮೇಲೆ. ಅವರ ಮನೆಯಲ್ಲಿ ಕೇಬಲ್, ನಮ್ಮಲ್ಲಿ ಇಂಟರ್ನೆಟ್. ಇಂಟರ್ನೆಟ್‌ನಲ್ಲಿ ಬರುವ ಮ್ಯಾಚನ್ನು ತುಂಡು ತುಂಡು ಮಾಡಿ, ಒತ್ತಿ, ಕೂಡಿಟ್ಟುಕೊಂಡು ಕಳಿಸುವುದರಿಂದ ನಮಗೆ ಅರ್ಧ ನಿಮಿಷ ತಡ. ಮೇಲೆ ಸಿಕ್ಸ್ ಹೋದಾಗ ನಮ್ಮ ಬೌಲರ್ ಇನ್ನೂ ಚೆಂಡನ್ನು ಪ್ಯಾಂಟಿಗೆ ಉಜ್ಜುತ್ತಿರುತ್ತಾನೆ.

ಒಂದು ಭಾನುವಾರ ನನ್ನ ಹೆಂಡತಿಯ ಸೋದರಮಾವ ಹನುಮಂತನಗರದಿಂದ ಬಂದಿದ್ದರು. ಮಗಳಿಗೆ ಗಂಡು ಹುಡುಕಿ ಹುಡುಕಿ ಸುಸ್ತಾದ ಮನುಷ್ಯ. ಕಾಫಿ ಕುಡಿಯುತ್ತಾ ಮ್ಯಾಚ್ ನೋಡುತ್ತಿದ್ದರು. ಅಮ್ಮ ಇದ್ದಕ್ಕಿದ್ದಂತೆ, "ಇವನು ಔಟಾಗ್ತಾನೆ" ಅಂದರು. ಅರ್ಧ ನಿಮಿಷಕ್ಕೆ ಸ್ಟಂಪು ಹಾರಿತು. ಮಾವ ನಕ್ಕರು. ಅಮ್ಮ ಮತ್ತೆ ಹೇಳಿದರು, "ಈಗ ಬರೋನು ಮೊದಲನೇ ಬಾಲಿಗೇ ನಾಲ್ಕು ಹೊಡೀತಾನೆ." ಹೊಡೆದ. ಮಾವ ಲೋಟ ಕೆಳಗಿಟ್ಟರು. "ಕ್ಯಾಚ್ ಬಿಡ್ತಾನೆ ನೋಡಿ, ದರಿದ್ರದವನು." ಬಿಟ್ಟ.

ಮಾವ ಎದ್ದು ಹೋಗಿ ಚೀಲದಿಂದ ಮಗಳ ಜಾತಕ ತಂದು ಅಮ್ಮನ ತೊಡೆಯ ಮೇಲಿಟ್ಟು ಕೈ ಮುಗಿದರು. "ಅಮ್ಮಾ, ಇಷ್ಟು ದಿನ ನಿಮ್ಮನ್ನ ಗುರುತಿಸಲಿಲ್ಲ, ತಪ್ಪಾಯ್ತು. ಈ ವರ್ಷನಾದ್ರೂ ಕೂಡಿ ಬರುತ್ತಾ ಹೇಳಿ."

ಅಮ್ಮ ಜಾತಕ ಹಿಡಿದುಕೊಂಡು, ಕಿವಿಯನ್ನು ಕಿಟಕಿಗೆ ಕೊಟ್ಟು ಕೂತರು. ಆಮೇಲೆ ನಿಟ್ಟುಸಿರು ಬಿಟ್ಟು ಹೇಳಿದರು, "ಇಲ್ಲಪ್ಪ. ಈ ವಿಷಯ ಇನ್ನೂ ಮೇಲಿನ ಮನೆಯವರಿಗೇ ಬಂದಿಲ್ಲ."

ಅಲುಗಾಡದ ಸಾಹೇಬರು

ನಮ್ಮ ಕಂಪನಿಯ ದೊಡ್ಡ ಹೆಮ್ಮೆ ಅಂದರೆ ಅಲುಗಾಡದ್ದನ್ನು ಕಳಿಸದೇ ಇರುವುದು. ಹಿಂದಿನ ಗೋಡೆ ಹೋದ ಕ್ಷಣ ಇದ್ದಲ್ಲೇ ಈಗಲೂ ಇದ್ದರೆ, ಅದನ್ನು ಮತ್ತೆ ಯಾಕೆ ಕಳಿಸಬೇಕು? ಅಲುಗಾಡಿದಷ್ಟನ್ನೇ ಕಳಿಸು. ಎಲ್ಲರೂ ಮಾಡುವ ಕೆಲಸವೇ ಇದು. ನಾವು ಇನ್ನೂ ಚೆನ್ನಾಗಿ ಮಾಡುತ್ತೇವೆ ಅಂತ ಒಬ್ಬ ಗಿರಾಕಿಗೆ ತೋರಿಸಬೇಕಿತ್ತು. ಅವರು ಹೊರದೇಶದವರು, ವಿಡಿಯೋ ಕಾಲ್‌ನಲ್ಲೇ ಡೆಮೋ. ಈ ಆರ್ಡರ್ ಸಿಗದಿದ್ದರೆ ನಮ್ಮ ಟೀಮನ್ನೇ ಮುಚ್ಚುತ್ತಾರೆ ಅಂತ ಸುದ್ದಿ ಹಬ್ಬಿತ್ತು. ಹಾಗಾಗಿ ಬೆಳಿಗ್ಗೆಯಿಂದ ಯಾರಿಗೂ ಹೊಟ್ಟೆಗೆ ಏನೂ ಇಳಿದಿರಲಿಲ್ಲ, ನಮ್ಮ ಮ್ಯಾನೇಜರೊಬ್ಬರನ್ನು ಬಿಟ್ಟು. ಅವರು ಎರಡು ತಟ್ಟೆ ಬಿಸಿಬೇಳೆಬಾತ್ ಮುಗಿಸಿ ಬಂದು, ಕ್ಯಾಮೆರಾ ಎದುರು ಗಲ್ಲಕ್ಕೆ ಕೈ ಕೊಟ್ಟು ಕೂತರು.

ಪರದೆಯ ಒಂದು ಕಡೆ ಎಲ್ಲರ ಮುಖ, ಇನ್ನೊಂದು ಕಡೆ ಯಾರ ವಿಡಿಯೋಗೆ ಎಷ್ಟು ಡೇಟಾ ಹೋಗುತ್ತಿದೆ ಅಂತ ಗೆರೆ. ನಾನು ವಿವರಿಸುತ್ತಿದ್ದೆ. ಹತ್ತು ನಿಮಿಷಕ್ಕೆ ಮ್ಯಾನೇಜರ ಗೆರೆ ಇಳಿಯತೊಡಗಿತು. ಇನ್ನೂ ಇಳಿಯಿತು. ಕೊನೆಗೆ ನೆಲಕ್ಕೆ ಅಂಟಿಕೊಂಡಿತು. ಚಿತ್ರ ಮಾತ್ರ ಕನ್ನಡಿಯ ಹಾಗೆ ಸ್ವಚ್ಛ.

ಗಿರಾಕಿ ಕುರ್ಚಿಯಿಂದ ಮುಂದಕ್ಕೆ ಬಾಗಿದರು. "ಇಷ್ಟು ಕಮ್ಮಿ ಡೇಟಾದಲ್ಲಿ ಇಷ್ಟು ಸ್ಪಷ್ಟ ಚಿತ್ರಾನಾ! ನಾನು ಎಲ್ಲೂ ನೋಡಿಲ್ಲ. ಇದು ಹೇಗೆ ಸಾಧ್ಯ?"

ಹೇಗೆ ಅಂತ ನಮಗೆ ಗೊತ್ತಾಗಿತ್ತು. ಕನ್ನಡಕದ ಮೇಲೆ ಕಿಟಕಿಯ ಬೆಳಕು ಬಿದ್ದು ಸಾಹೇಬರ ಕಣ್ಣು ಅವರಿಗೆ ಕಾಣುತ್ತಿರಲಿಲ್ಲ, ಅಷ್ಟೇ. ನನ್ನ ಪಕ್ಕದಲ್ಲಿದ್ದ ಸಹೋದ್ಯೋಗಿ ಮೇಡಂ ತುಟಿ ಕಚ್ಚಿಕೊಂಡು ಗಂಭೀರವಾಗಿ ಹೇಳಿದರು, "ಅದಕ್ಕೆ ನಮ್ಮ ಮ್ಯಾನೇಜರೇ ಕಾರಣ ಸರ್. ಅವರು ಸದ್ದಿಲ್ಲದೆ ದುಡಿಯೋರು."

ಅದೇ ಹೊತ್ತಿಗೆ ಸದ್ದು ಶುರುವಾಯಿತು. ಮೊದಲು ಸಣ್ಣಗೆ, ಆಮೇಲೆ ಟ್ರಾಕ್ಟರ್ ದಿಬ್ಬ ಹತ್ತಿದ ಹಾಗೆ.

ಗಿರಾಕಿ ಒಂದು ಕ್ಷಣ ಕಿವಿಗೊಟ್ಟು ಕೇಳಿ, ಏನೋ ಬರೆದುಕೊಂಡರು. "ವಿಡಿಯೋ ಅದ್ಭುತ, ತಗೋತೀವಿ. ಆದರೆ ಆಡಿಯೋದಲ್ಲಿ ಏನೋ ಗೊರಗೊರ ಬರ್ತಿದೆ, ಅದೊಂದು ಸರಿ ಮಾಡಿಕೊಡಿ."

ಮೇಡಂ ಹೇಳಿದರು, "ಅದು ಹಳೇ ತೊಂದರೆ ಸರ್. ಊಟ ಆದ್ಮೇಲೆ ಮಾತ್ರ ಬರುತ್ತೆ."

ಮೂವತ್ತೈದು ವರ್ಷದ ಆರೋಪ

ಜಯನಗರದಲ್ಲಿ ನಮ್ಮ ಚಿಕ್ಕಪ್ಪ ಚಿಕ್ಕಮ್ಮ ಇದ್ದಾರೆ. ಅವರ ಮದುವೆಯ ಕ್ಯಾಸೆಟ್ಟನ್ನು ನಾನೇ ಹಿಂದೊಮ್ಮೆ ಪೆನ್‌ಡ್ರೈವಿಗೆ ಹಾಕಿಸಿ ಕೊಟ್ಟಿದ್ದೆ. ಪ್ರತಿ ವರ್ಷ ಮದುವೆಯ ದಿನ ಅದನ್ನು ಟಿವಿಗೆ ಹಾಕಿ ನೋಡುತ್ತಾರೆ, ಮುಗಿಯುವಷ್ಟರಲ್ಲಿ ಜಗಳ ಆಡುತ್ತಾರೆ.

ಈ ಸಲ ನಾನೂ ಹೋಗಿದ್ದೆ. ಚಿಕ್ಕಮ್ಮ ಹೋಳಿಗೆ ಬಡಿಸಿ ಕೂತರು. ಪರದೆಯ ಮೇಲೆ ಮದುಮಗಳು ಬಂದಳು. ಮಂಟಪದ ಅರ್ಧ ಅವಳೇ.

"ನೋಡು, ನೋಡು," ಅಂದರು ಚಿಕ್ಕಪ್ಪ. "ಮದುವೆ ದಿನವೇ ಹೀಗಿದ್ಳು. ಈಗ ದಪ್ಪ ಆಗಿದ್ದೀನಿ, ವಾಕಿಂಗ್ ಹೋಗ್ಬೇಕು ಅಂತ ಬೆಳಿಗ್ಗೆ ಬೆಳಿಗ್ಗೆ ನನ್ನನ್ನ ಯಡಿಯೂರು ಕೆರೆ ಸುತ್ತಿಸ್ತಾಳೆ."

ಚಿಕ್ಕಮ್ಮನ ಮುಖ ಸಣ್ಣಗಾಯಿತು. ನಾನು ಸರಿಯಾಗಿ ನೋಡಿದೆ. ಮದುಮಗಳು ಮಾತ್ರ ಅಲ್ಲ, ಮಂಟಪದ ಬಾಳೆಕಂದು ಕೂಡ ಊದಿಕೊಂಡಿತ್ತು. ಕಳಶ ಕುಂಬಳಕಾಯಿಯ ಹಾಗಿತ್ತು. ಹಳೇ ಟಿವಿಯ ಚೌಕ ಚಿತ್ರವನ್ನು ಈ ಅಗಲದ ಟಿವಿ ಎರಡೂ ಕಡೆ ಎಳೆದು ಹಿಗ್ಗಿಸಿಬಿಟ್ಟಿತ್ತು. ರಿಮೋಟ್ ತೆಗೆದುಕೊಂಡು ಒಂದು ಬಟನ್ ಒತ್ತಿದೆ. ಎರಡೂ ಬದಿಗೆ ಕಪ್ಪು ಪಟ್ಟಿ ಬಂತು, ನಡುವೆ ಬಳ್ಳಿಯಂಥ ಹುಡುಗಿ ನಿಂತಿದ್ದಳು.

ಚಿಕ್ಕಮ್ಮ ಎದ್ದು ಟಿವಿ ಹತ್ತಿರ ಹೋದರು. "ಇದು ನಾನೇನೋ?" ಕಣ್ಣು ಒದ್ದೆಯಾಗಿತ್ತು. ಆಮೇಲೆ ಸೊಂಟಕ್ಕೆ ಕೈ ಇಟ್ಟುಕೊಂಡು ಗಂಡನ ಕಡೆ ತಿರುಗಿದರು. "ನೋಡಿದ್ರಾ? ನಾನು ದಪ್ಪ ಆಗಿದ್ದು ನಿಮ್ಮನೆಗೆ ಬಂದ್ಮೇಲೆ!"

ಚಿಕ್ಕಪ್ಪ ಹೋಳಿಗೆ ಕೈಯಲ್ಲಿ ಹಿಡಿದುಕೊಂಡೇ ಸ್ವಲ್ಪ ಯೋಚಿಸಿದರು. "ಹಾಗಾದ್ರೆ ಮೂವತ್ತೈದು ವರ್ಷದಿಂದ, ನಮ್ಮಮ್ಮ ನಿನಗೆ ಹೊಟ್ಟೆ ತುಂಬ ಊಟ ಹಾಕ್ಲಿಲ್ಲ ಅಂತ ಯಾಕೆ ಹೇಳ್ತಿದ್ದೀಯ?"

ದಾಸವಾಳದ ಕಳ್ಳಿ

ನಮ್ಮ ಬೀದಿಯಲ್ಲಿ ಬೆಳಗಾದರೆ ಹೂವು ಮಾಯ. ದಾಸವಾಳ, ನಂದಬಟ್ಟಲು, ಕಣಗಿಲೆ, ಕಾಂಪೌಂಡಿನಿಂದ ಹೊರಗೆ ತಲೆ ಹಾಕಿದ್ದೆಲ್ಲ ಹೋಗುತ್ತಿತ್ತು. ಬಡಾವಣೆ ಸಂಘದ ಸೆಕ್ರೆಟರಿ ಹಟ ಹಿಡಿದು ಕ್ಯಾಮೆರಾ ಹಾಕಿಸಿದರು. ನಿವೃತ್ತ ಅಧಿಕಾರಿ, ಉಳಿತಾಯದ ಮನುಷ್ಯ. ಮೂರು ತಿಂಗಳ ರೆಕಾರ್ಡಿಂಗ್ ಒಂದೇ ಡಿಸ್ಕಿನಲ್ಲಿ ಹಿಡಿಯಲಿ ಅಂತ ಕ್ವಾಲಿಟಿಯನ್ನು ಎಷ್ಟು ಕೆಳಗೆ ಇಳಿಸಬಹುದೋ ಅಷ್ಟು ಇಳಿಸಿದ್ದರು.

ಕಳ್ಳಿ ಕ್ಯಾಮೆರಾಗೆ ಸಿಕ್ಕಳು. ಸೆಕ್ರೆಟರಿ ಮನೆ ಹಾಲ್‌ನಲ್ಲೇ ತುರ್ತು ಮೀಟಿಂಗ್, ತಜ್ಞ ಅಂತ ನನಗೂ ಕರೆ. ಟಿವಿಯಲ್ಲಿ ಮಬ್ಬು ಬೆಳಕು. ಅದರಲ್ಲಿ ಮೈಸೂರುಪಾಕಿನ ತುಂಡುಗಳನ್ನು ಒಂದರ ಮೇಲೊಂದು ಪೇರಿಸಿದ ಹಾಗೆ ಒಂದು ಆಕೃತಿ ಬಂತು, ಗಿಡದ ಹತ್ತಿರ ನಿಂತಿತು, ಹೋಯಿತು.

"ನಡಿಗೆ ನೋಡಿ, ಹಾಲಿನವನ ಹೆಂಡ್ತಿನೇ," ಅಂದರು ಒಬ್ಬರು. "ಇಲ್ಲ ಇಲ್ಲ, ಆ ಪಿಜಿ ಹುಡುಗಿ. ನನಗೆ ಮೊದಲಿಂದ್ಲೂ ಡೌಟು," ಅಂದರು ದಾಸವಾಳ ಗಿಡದ ಯಜಮಾನರು. ನಾಲ್ಕು ಜನ ಹೌದು ಹೌದು ಅಂದರು. ಪಿಜಿ ಓನರಿಗೆ ಹೇಳಿ ಇವತ್ತೇ ಆ ಹುಡುಗಿಯನ್ನು ಖಾಲಿ ಮಾಡಿಸಬೇಕು ಅಂತ ಮಾತಾಯಿತು. ನನಗೆ ಸಂಕಟ. "ಸಾರ್, ಇದರಲ್ಲಿ ಮುಖವೇ ಇಲ್ಲ. ಇದನ್ನ ನೋಡಿ ಯಾರನ್ನೂ ಖಾಲಿ ಮಾಡಿಸೋ ಹಾಗಿಲ್ಲ," ಅಂದೆ.

"ನೀವೇ ಕ್ಲಿಯರ್ ಮಾಡಿ ಕೊಡಿ," ಅಂದರು ಸೆಕ್ರೆಟರಿ.

"ಆಗಲ್ಲ ಸಾರ್. ಕ್ಯಾಮೆರಾ ಬಿಸಾಕಿದ್ದನ್ನ ನಾನು ಎಲ್ಲಿಂದ ತರಲಿ?"

ಅಷ್ಟರಲ್ಲಿ ಸೆಕ್ರೆಟರಿಯ ಹೆಂಡತಿ ಕಾಫಿ ಟ್ರೇ ಹಿಡಿದು ಬಂದವರು ಟಿವಿ ನೋಡಿ ನಿಂತುಬಿಟ್ಟರು. "ಅಯ್ಯೋ, ಇದು ನಾನಲ್ವೇನ್ರೀ?"

ಸೆಕ್ರೆಟರಿ ಕುರ್ಚಿಯ ಕೈ ಹಿಡಿದುಕೊಂಡರು. ಹೆಂಡತಿ ಟ್ರೇ ಇಟ್ಟು ಟಿವಿಗೆ ಮೂಗು ತಾಗಿಸಿದರು. "ನಾನೇ. ಆದ್ರೆ ಅದು ಕಡುಗೆಂಪು ಸೀರೆ ರೀ, ಹಸಿರು ಅಂಚು. ಇಲ್ಲಿ ಮಣ್ಣಿನ ಬಣ್ಣ ಮಾಡಿಟ್ಟಿದೆ! ಎಂಥ ಕ್ಯಾಮೆರಾ ತಂದಿದ್ದೀರಾ ನೀವು?"

"ಹೂವು ಮೇಡಂ..." ಅಂದರು ದಾಸವಾಳದ ಯಜಮಾನರು, ಸಣ್ಣ ದನಿಯಲ್ಲಿ.

"ದೇವರಿಗೆ ತಾನೇ? ಸಕ್ಕರೆ ಸಾಕಾ ನೋಡಿ."

ಮಾರನೇ ದಿನ ಸೆಕ್ರೆಟರಿ ನನ್ನನ್ನು ಕರೆದು ಕ್ಯಾಮೆರಾ ಕ್ವಾಲಿಟಿಯನ್ನು ಪೂರ್ತಿ ಮೇಲಕ್ಕೆ ಹಾಕಿಸಿದರು. ಹೂವು ಈಗಲೂ ಹೋಗುತ್ತದೆ. ಆದರೆ ಮೇಡಂ ಈಗ ತಲೆ ಬಾಚಿಕೊಂಡು ಬರುತ್ತಾರೆ.

ಎರಡನೇ ಗಟ್ಟಿಮೇಳ

ನಮ್ಮ ಸೋದರತ್ತೆಯ ಮೊಮ್ಮಗಳ ಮದುವೆ, ಬನಶಂಕರಿಯ ಒಂದು ಛತ್ರದಲ್ಲಿ. ಗಂಡು ಹುಡುಕಿ ನಿಶ್ಚಯ ಮಾಡಿದ್ದೇ ಹುಡುಗಿಯ ತಾತ. ಮದುವೆಗೆ ಹತ್ತು ದಿನ ಇರುವಾಗ ತಾತ ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡರು. ಹಾಸಿಗೆ ಬಿಟ್ಟು ಏಳುವ ಹಾಗಿಲ್ಲ. "ನನ್ನ ಕಣ್ಣಾರೆ ತಾಳಿ ನೋಡ್ಬೇಕು, ನನ್ನ ಬಾಯಾರೆ ಹರಸ್ಬೇಕು," ಅಂತ ಮಗುವಿನ ಹಾಗೆ ಅತ್ತರು. ಹುಡುಗಿಯೂ ಅತ್ತಳು. ಎಲ್ಲರೂ ಸೇರಿ ನನ್ನ ಕಡೆ ನೋಡಿದರು.

ನೋಡುವುದಕ್ಕೆ ಛತ್ರದಿಂದ ತಾತನ ಮನೆ ಟಿವಿಗೆ ಲೈವ್ ಹಾಕಿದೆ. ಛತ್ರದಲ್ಲಿ ನಾನೂರು ಫೋನು, ನೆಟ್ ತೆವಳುತ್ತಿತ್ತು. ತಾಳಿ ಕಟ್ಟುವಾಗ ಚಿತ್ರ ನಿಂತುಬಿಟ್ಟರೆ ನನ್ನ ಕಥೆ ಮುಗಿಯಿತು. ಅದಕ್ಕೇ ನಲವತ್ತು ಸೆಕೆಂಡಿನಷ್ಟು ಮೊದಲೇ ತುಂಬಿಟ್ಟುಕೊಂಡು ತೋರಿಸುವ ಹಾಗೆ ಮಾಡಿದೆ. ತಡವಾಗಿ ಬಂದರೂ ಎಲ್ಲೂ ನಿಲ್ಲದೆ ಬರಲಿ ಅಂತ. ಹರಸುವುದಕ್ಕೆ ಬೇರೆ ಫೋನ್ ಕಾಲ್ ಮಾಡಿ ಅದನ್ನು ಛತ್ರದ ಸ್ಪೀಕರಿಗೇ ಜೋಡಿಸಿದೆ. ತಾತನ ದನಿ ಆ ಕ್ಷಣವೇ ಎಲ್ಲರಿಗೂ ಕೇಳುತ್ತದೆ. ಎಲ್ಲ ಸರಿ ಮಾಡಿದೆ. ಚಿತ್ರ ನಲವತ್ತು ಸೆಕೆಂಡ್ ಹಿಂದಿನದು ಅಂತ ತಾತನಿಗೆ ಹೇಳುವುದೊಂದನ್ನು ಮರೆತೆ.

ಮುಹೂರ್ತ ಬಂತು. ಗಟ್ಟಿಮೇಳ ಮೊಳಗಿತು, ಹುಡುಗ ತಾಳಿ ಕಟ್ಟಿದ, ಅಕ್ಷತೆಯ ಮಳೆಯೇ ಸುರಿಯಿತು. ವಾದ್ಯ ನಿಂತಿತು. ನೋಡಿದರೆ ಪುರೋಹಿತರ ಕೊರಳಿಗೆ ಕಟ್ಟಿದ್ದ ಮೈಕಿನ ದಾರ ಆ ಗಲಾಟೆಯಲ್ಲಿ ಬಿಚ್ಚಿ ಜೋತಾಡುತ್ತಿತ್ತು. ಮುಂದಿನ ಮಂತ್ರ ತಾತನಿಗೆ ಕೇಳಬೇಕಲ್ಲ. ಓಡಿ ಮಂಟಪ ಹತ್ತಿ, ಅವರ ಮುಂದೆ ಮಂಡಿಯೂರಿ, ಎರಡೂ ಕೈ ಅವರ ಕೊರಳ ಹಿಂದಕ್ಕೆ ಹಾಕಿ ಗಂಟು ಹಾಕತೊಡಗಿದೆ.

ಆಗ ಸ್ಪೀಕರಿನಲ್ಲಿ ತಾತ ಗುಡುಗಿದರು. "ಗಟ್ಟಿಮೇಳ! ಊದ್ರೋ ಗಟ್ಟಿಮೇಳ!"

ಮನೆಯ ಹಿರಿಯರ ಅಪ್ಪಣೆ. ನಾದಸ್ವರದವರು ಹಿಂದೆ ಮುಂದೆ ನೋಡದೆ ಊದಿದರು. ಡೋಲು ಕಿವಿ ಕಿತ್ತುಹೋಗುವ ಹಾಗೆ ಬಡಿಯಿತು. ಮೊದಲ ಸಲ ಹಾಕಲು ಆಗದೆ ಮುಷ್ಟಿಯಲ್ಲೇ ಅಕ್ಷತೆ ಉಳಿಸಿಕೊಂಡಿದ್ದ ಹಿಂದಿನ ಸಾಲಿನವರೆಲ್ಲ ಎದ್ದು ನಿಂತು ನಮ್ಮಿಬ್ಬರ ಮೇಲೆ ಎರಚಿದರು. ಪುರೋಹಿತರ ಜುಟ್ಟಿನ ತುಂಬ ಅಕ್ಕಿ, ನನ್ನ ಬಾಯಿ ತುಂಬ ಅಕ್ಕಿ. ಮೇಲಿನಿಂದ ತಾತನ ಗದ್ಗದ ದನಿ, "ದೀರ್ಘ ಸುಮಂಗಲೀ ಭವ! ನೂರು ಕಾಲ ಹೀಗೇ ಜೊತೆಯಾಗಿ ಬಾಳಿ!"

ಛತ್ರಕ್ಕೆ ಛತ್ರವೇ ನಗುತ್ತಿತ್ತು. ಮದುಮಗಳು ಹೊಟ್ಟೆ ಹಿಡಿದುಕೊಂಡು ಮದುಮಗನ ಭುಜಕ್ಕೆ ಒರಗಿದ್ದಳು. ಪುರೋಹಿತರು ಕಣ್ಣಿನಿಂದ ಅಕ್ಕಿ ಒರೆಸಿಕೊಂಡು ಮೆಲ್ಲಗೆ ಹೇಳಿದರು, "ಆಗಿದ್ದು ಆಯ್ತು. ನಮ್ಮನೆಯವಳಿಗೆ ನೀವೇ ಹೇಳ್ಬೇಕು ಸ್ವಾಮಿ." ಆ ಮೈಕ್ ಆಗಲೇ ಸರಿಯಾಗಿ ಕೆಲಸ ಮಾಡುತ್ತಿದ್ದರಿಂದ ಈ ಮಾತು ಕೊನೇ ಸಾಲಿನವರೆಗೂ ಕೇಳಿಸಿತು.

ನಕ್ಕು ನಕ್ಕು ಜನ ಸುಮ್ಮನಾಗಬೇಕು, ಅಷ್ಟರಲ್ಲಿ ನಲವತ್ತು ಸೆಕೆಂಡ್ ಮುಗಿದಿತ್ತು. ನಾನು ಮಂಡಿಯೂರಿ ಗಂಟು ಹಾಕುತ್ತಿರುವುದು ತಾತನ ಟಿವಿಗೆ ಈಗ ತಲುಪಿತು.

"ಅಯ್ಯಯ್ಯೋ! ಪುರೋಹಿತರಿಗೆ ಕಟ್ತಿದ್ದಾನಲ್ರೋ! ಹಿಡ್ಕೊಳ್ರೋ ಅವನ್ನ! ಮೂರನೇ ಗಂಟು ಹಾಕಕ್ಕೆ ಬಿಡಬೇಡ್ರೋ!"

ಯಾಕೆ, ಯಾರಿಗೆ ಅಂತ ಈ ಸಲವೂ ಗೊತ್ತಾಗದ ನಾದಸ್ವರದವರು, ಯಾವುದಕ್ಕೂ ಇರಲಿ ಅಂತ, ಮತ್ತೊಂದು ಗಟ್ಟಿಮೇಳ ಬಾರಿಸಿಬಿಟ್ಟರು.