ರಾಧಿಕಾಬಾಯಿ ಹೂಂ ಅಂದಳೊ, ಊಹೂಂ ಅಂದಳೊ?

ಇಳಕಲ್ಲಿನ ದುಂಡೇಶನ ಸೀರೆ ಅಂಗಡಿಗೆ ಆ ದಿನ ತಾಪತ್ರಯ ಬಂದದ್ದು ಪಂಕ್ಚರಾದ ಒಂದು ಕಾರಿನ ಟೈರಿನಿಂದ. ಬಾದಾಮಿಯ ಗೈಡ್ ಲಕ್ಷ್ಮಣ ತಾನು ಕರೆತಂದಿದ್ದ ಬಲ್ಗೇರಿಯಾದ ಹೆಂಗಸನ್ನು ಅಂಗಡಿಯ ಗಾದಿಯ ಮೇಲೆ ಕೂಡಿಸಿ, "ದುಂಡಣ್ಣಾ, ಟೈರ್ ಹಾಕಿಸ್ಕೊಂಡ್ ಬರ್ತೇನಿ. ಅಲ್ಲೀತನಕ ಇವರಿಗೆ ಸೀರಿ ತೋರಸ್ರಿ. ಹೆಸರು ರಾಡ್ಕಾ" ಎಂದು ಹೊರಟುಹೋದ.

"ರಾಧಿಕಾ! ನಮ್ಮ ಕಡೀದ ಹೆಸರು!" ದುಂಡೇಶನಿಗೆ ಅರ್ಧ ವ್ಯಾಪಾರ ಆಗಿಯೇ ಹೋದಂತೆನಿಸಿತು. ವಾರದಿಂದ ಬೋಣಿಗೆ ಇರಲಿಲ್ಲ. ಮಗ್ಗ ನಡೆಸುವ ಅವನ ಮಾವ ಗುರಲಿಂಗಪ್ಪ, ತಾನು ನೇಯ್ದ ಕೆಂಪು ಸೆರಗಿನ ಸೀರೆ ಹೋಯಿತೇ ಎಂದು ದಿನಾ ಫೋನು ಮಾಡುತ್ತಿದ್ದ.

ಆಕೆಗೆ ಕನ್ನಡ ಬಾರದು, ಇವನಿಗೆ ಇಂಗ್ಲಿಷ್ ಬಾರದು. ಮೊದಲ ಸೀರೆ ಬಿಚ್ಚಿ, "ಚಲೋ ಐತೇನ್ರಿ?" ಎಂದ. ರಾಧಿಕಾಬಾಯಿ ನಗುನಗುತ್ತ ತಲೆಯನ್ನು ಎಡಕ್ಕೂ ಬಲಕ್ಕೂ ಅಲ್ಲಾಡಿಸಿದಳು. ಬ್ಯಾಡಂತೆ. ಇನ್ನೊಂದು ಬಿಚ್ಚಿದ. ಮತ್ತೆ ನಗು, ಮತ್ತೆ ಬ್ಯಾಡ. ಕಪಾಟು ಖಾಲಿಯಾಗಿ ಅಂಗಡಿಯೆಲ್ಲ ಬಿರುಗಾಳಿಗೆ ಸಿಕ್ಕ ಒಗೆಬಟ್ಟೆಯ ಹಗ್ಗದಂತಾಯಿತು. ದುಂಡೇಶನ ನಡು ಹಿಡಿದುಕೊಂಡಿತು.

"ಸಾಕೇನ್ರಿ?" ಎಂದು ಕೈಮಾಡಿ ಕೇಳಿದ. ಆಕೆ ತಲೆಯನ್ನು ಮೇಲೆ ಕೆಳಗೆ ಆಡಿಸಿದಳು. ಸದ್ಯ, ಸಾಕಂತೆ! ಮಡಚತೊಡಗಿದರೆ, ಆಕೆ ಅವನ ಕೈಯಿಂದ ಸೀರೆ ಕಸಿದು ಮತ್ತೆ ಬಿಚ್ಚಿದಳು.

ಅಷ್ಟರಲ್ಲಿ ಲಕ್ಷ್ಮಣ ಬಂದು, ಟೈರಿಗೆ ಇನ್ನೂ ಹೊತ್ತಾಗುತ್ತದೆಂದು ಆಕೆಯನ್ನು ಎದುರಿನ ಸುಂದರವ್ವನ ಚಾದ ಅಂಗಡಿಗೆ ಕರೆದೊಯ್ದ. ಇತ್ತ ಇದನ್ನೆಲ್ಲ ನೋಡುತ್ತಿದ್ದ ಪಕ್ಕದ ಮೊಬೈಲ್ ಅಂಗಡಿಯ ಮತೀನ, ಕೈಯಲ್ಲಿ ಫೋನು ಹಿಡಿದು ಓಡಿಬಂದ.

"ದುಂಡಣ್ಣಾ, ಇದರಾಗ ನೋಡ್ರಿ! ಬಲ್ಗೇರಿಯಾದಾಗ ಎಲ್ಲಾ ಉಲ್ಟಾ. ಅಡ್ಡಡ್ಡ ಅಲ್ಲಾಡಿಸಿದ್ರ ಹೂಂ, ಮ್ಯಾಲ ಕೆಳಗ ಅಲ್ಲಾಡಿಸಿದ್ರ ಊಹೂಂ!"

ದುಂಡೇಶ ಹಣೆ ಬಡಿದುಕೊಂಡ. "ಅಂದ್ರ ಮುಂಜಾನಿಂದ ಎಲ್ಲಾ ಸೀರಿ ಚಲೋ ಅದಾವು ಅನ್ನಾಕತ್ತಿದ್ಲೇನೋ!"

ಲಕ್ಷ್ಮಣ ಮತ್ತೆ ಪಂಕ್ಚರ್ ಅಂಗಡಿಗೆ ಹೋದ. ಚಾ ಕುಡಿದು ಬಂದ ರಾಧಿಕಾಬಾಯಿಯ ಹಿಂದೆ, ಕಪ್ಪು ತೊಳೆಯುವುದನ್ನೂ ಬಿಟ್ಟು ಸುಂದರವ್ವ ಬಂದಳು. ದುಂಡೇಶ ಮಾವನ ಸೀರೆ ಹರಡಿದ. ಆಕೆ ಕಣ್ಣರಳಿಸಿ ಸೆರಗನ್ನು ಎತ್ತಿ ಗೋಡೆಗೆ ಹಿಡಿದಳು. ಬೆರಳಲ್ಲೇ ಚೌಕಟ್ಟು ಬರೆದು ತೋರಿಸಿದಳು.

"ಗ್ವಾಡಿಗೆ ಹಾಕ್ತಾಳಂತ. ಸೆರಗಷ್ಟ ಬೇಕು" ಎಂದ ಮತೀನ.

"ಕತ್ತರಿಸಿ ಕೊಡೋ ಯಪ್ಪಾ. ಸುಮ್ಮ ಯಾಕ ನಿಂತಿ?" ಎಂದಳು ಸುಂದರವ್ವ.

"ಕೇಳದ ಹ್ಯಾಂಗ ಕತ್ತರಸ್ಲಿ?" ದುಂಡೇಶ ಎರಡು ಬೆರಳನ್ನು ಕತ್ತರಿಯಂತೆ ಆಡಿಸಿ ಸೆರಗಿನ ಗುಂಟ ಓಡಿಸಿದ. ಆಕೆ ತಲೆಯನ್ನು ಅಡ್ಡಡ್ಡ ಅಲ್ಲಾಡಿಸಿದಳು. ಖಾತ್ರಿಗೆಂದು ಖರೆ ಕತ್ತರಿಯನ್ನೇ ತಂದು ಸೆರಗಿಗೆ ಹಚ್ಚಿ ಹಿಡಿದ. ಈ ಸಲ ಕಿವಿಯ ಲೋಲಕು ಗಲ್ಲಕ್ಕೆ ಬಡಿಯುವಷ್ಟು ಜೋರಾಗಿ ಅಲ್ಲಾಡಿಸಿದಳು.

"ಕೈ ಬ್ಯಾರೆ ಬೀಸಾಕತ್ತಾಳಲ್ಲೋ ಮತೀನ!"

"ಅದು ಭಾಳ ಹೂಂ ಇರಬೇಕ್ರಿ!"

ಕರಕರ ಕರಕರ! ಸೆರಗು ಒಂದು ಕಡೆ, ಸೀರೆ ಒಂದು ಕಡೆ. ರಾಧಿಕಾಬಾಯಿ ಕಿಟಾರನೆ ಕಿರುಚಿ ಮುಖ ಮುಚ್ಚಿಕೊಂಡಳು.

ಟೈರ್ ಹಾಕಿಸಿಕೊಂಡು ಬಂದ ಲಕ್ಷ್ಮಣ ಬಾಗಿಲಲ್ಲೇ ನಿಂತುಬಿಟ್ಟ. "ಯಾಕ್ ಕತ್ತರಿಸಿದ್ರೀ?"

"ಆಕಿನ ಹೂಂ ಅಂದ್ಳೋ! ಅವರ ಕಡೆ ಅಡ್ಡಡ್ಡ ಅಲ್ಲಾಡಿಸಿದ್ರ ಹೂಂ ಅಲ್ಲೇನು?"

"ಖರೆ ಐತ್ರಿ, ಆದ್ರ ಅದು ಮುಂಜಾನಿ! ನಿಮಗ ತ್ರಾಸ ಆಗಬಾರದಂತ, ಚಾ ಕುಡಿಯೂ ಮುಂದ ನಾನ ಕಲಿಸೀನಿ, ನಮ್ಮ ಕಡೆ ಅದು ಬ್ಯಾಡ ಅಂದಂಗ ಅಂತ!"

ದುಂಡೇಶ ಎರಡೂ ತುಂಡನ್ನು ತೊಡೆಯ ಮೇಲೆ ಹಾಕಿಕೊಂಡು ಕುಳಿತ. ಕಡೆಗೆ ಕೈಮುಗಿದು, "ಲಕ್ಷ್ಮಣಾ, ಈ ತುಂಡರ ತಗೋತಾರೇನು ಕೇಳೋ" ಎಂದ.

ಲಕ್ಷ್ಮಣ ಇಂಗ್ಲಿಷಿನಲ್ಲಿ ಕೇಳಿದ. ಆಕೆ ಸ್ವಲ್ಪ ಯೋಚಿಸಿ, ತಲೆಯನ್ನು ಒಮ್ಮೆ ಈ ಹೆಗಲಿಗೆ, ಒಮ್ಮೆ ಆ ಹೆಗಲಿಗೆ ಮೆಲ್ಲಗೆ ವಾಲಿಸಿದಳು.

"ಇದೇನೋ ಮತ್ತ?"

"ಇದನ್ನೂ ನಾನ ಕಲಿಸೀನ್ರಿ. ನಮ್ಮವರೆಲ್ಲಾ ಹಿಂಗ ಮಾಡ್ತಾರಲ್ಲಾ."

"ಅಂದ್ರ ಹೂಂ ಏನು, ಊಹೂಂ ಏನು?"

 ಲಕ್ಷ್ಮಣ ತಾನೂ ಹಾಗೆಯೇ ತಲೆ ವಾಲಿಸಿದ. ದುಂಡೇಶ ಮತೀನನ ಕಡೆ ನೋಡಿದ, ಅವನೂ ವಾಲಿಸಿದ. ಸುಂದರವ್ವನೂ ವಾಲಿಸಿದಳು. ಎಲ್ಲರೂ ತನ್ನಂತೆಯೇ ಮಾಡುವುದನ್ನು ಕಂಡು ರಾಧಿಕಾಬಾಯಿಗೆ ಎಲ್ಲಿಲ್ಲದ ಖುಷಿಯಾಯಿತು. ಇನ್ನೊಮ್ಮೆ ಚೆನ್ನಾಗಿ ವಾಲಿಸಿ, ನಮಸ್ಕಾರ ಮಾಡಿ, ಲಕ್ಷ್ಮಣನ ಕಾರು ಹತ್ತಿ ಹೊರಟೇಹೋದಳು. ಎರಡು ತುಂಡೂ ದುಂಡೇಶನ ತೊಡೆಯ ಮೇಲೇ ಉಳಿದವು.