ಅರ್ಧಕ್ಕೇ ನಿಂತ ಪೆಟ್ರೋಲ್ ಮುಳ್ಳಿನವರಿಗೆ

ಮಾನ್ಯ ಮುಳ್ಳಿನವರೇ,

ನನ್ನ ಹಳೆಯ ಕಾರಿನೊಳಗೆ, ಗಾಜಿನ ಹಿಂದೆ, ಗಾಳಿ ಧೂಳು ಸೋಕದಂತೆ ಬಾಳುತ್ತಿರುವ ತಮಗೆ, ಅದೇ ಕಾರಿನ ಅಡಿಯಲ್ಲಿ ಬೆನ್ನು ಸವೆಸಿಕೊಂಡವನ ಎಣ್ಣೆಗೈ ನಮಸ್ಕಾರಗಳು.

ಹಿಂದೆ ತಾವು, ಯಾರು ಏನೆಂದರೂ ಹೌದೆನ್ನುವ ನನ್ನ ಭಾವಮೈದುನನಂತೆ, ಗುಂಡಿ ಸಿಕ್ಕಲ್ಲೆಲ್ಲ ತಲೆಯಾಡಿಸುತ್ತಿದ್ದಿರಿ. ಮೆಕ್ಯಾನಿಕ್ಕನ ಹಂಗೇಕೆಂದು ನಾನೇ ಗಾಜು ಬಿಚ್ಚಿ, ತಮ್ಮ ಬುಡಕ್ಕೊಂದು ಹನಿ ಅಂಟು ಹಾಕಿದೆ. ಅಂದಿನಿಂದ ಏರಿರಲಿ, ಇಳಿಜಾರಿರಲಿ, ತಾವು ಅರ್ಧವೆಂದರೆ ಅರ್ಧ. ಇಂಥ ನಿಲುವಿನವರು ನಮ್ಮ ಕುಟುಂಬದಲ್ಲಿ ಇನ್ನೊಬ್ಬರಿಲ್ಲ.

ಹೀಗಿರಲು ಕಾರು ಗೇಟಿಗೆ ಅಡ್ಡಲಾಗಿ ಮಲಗಿಬಿಟ್ಟಿತು. "ಭಾನುವಾರದೊಳಗೆ ಎದ್ರೆ ಸರಿ, ಇಲ್ದಿದ್ರೆ ಗುಜರಿಯವನು ಎತ್ಕೊಂಡು ಹೋಗ್ತಾನೆ" ಎಂದು ಮನೆಯಾಕೆ ಗಡುವು ಕೊಟ್ಟಳು. ಸ್ವಂತ ದುಡಿಮೆಯಿಂದ ನಾನು ಕೊಂಡ ಮೊದಲ ವಸ್ತು ಅದು; ಬಿಟ್ಟುಕೊಡುವುದುಂಟೇ? ಸ್ಪಾರ್ಕ್ ಪ್ಲಗ್ ಉಜ್ಜಿದೆ, ಫಿಲ್ಟರ್ ಬದಲಿಸಿದೆ, ಕಾರ್ಬ್ಯುರೇಟರನ್ನು ಊಟದ ಮೇಜಿನ ಮೇಲೆ ಬಿಡಿಬಿಡಿಯಾಗಿ ಹರವಿ ಮತ್ತೆ ಜೋಡಿಸಿದೆ. ಕೊನೆಗೆ ಉಳಿದುಹೋದ ವಾಷರನ್ನು ಕಂಪನಿಯವರ ಧಾರಾಳತನವೆಂದು ಜೇಬಿಗಿಳಿಸಿದೆ.

ಅತ್ತೆಯವರು ಕಿಟಕಿಯಿಂದಲೇ, "ಅಳಿಯಂದ್ರೇ, ಅದರ ಹೊಟ್ಟೆಗೆ ಏನಾದ್ರೂ ಹಾಕಿದ್ದೀರಾ?" ಎಂದರು. ನಾನು ತಮ್ಮನ್ನು ಸಾಕ್ಷಿಗೆ ಕರೆದೆ. ತಾವು ರೆಪ್ಪೆ ಮಿಟುಕಿಸದೆ ಸಾಕ್ಷಿ ನುಡಿದಿರಿ. ನನ್ನ ದಿನಸಿ ಅಂಗಡಿಗೆ ಬಂದ ಡಬ್ಬವನ್ನು ಕುಲುಕಿ ನೋಡದೆ ಒಳಗಿಟ್ಟುಕೊಳ್ಳದ ನಾನು, ತಮ್ಮ ಮಾತಿನ ಮೇಲೆ ಟ್ಯಾಂಕಿನ ಮುಚ್ಚಳವನ್ನೂ ತೆಗೆಯಲಿಲ್ಲ.

ಭಾನುವಾರ ಗುಜರಿಯವನು ಬಂದ. ಹಳೆಯ ಕಾರಿನ ಮುಳ್ಳನ್ನು ನಂಬುವ ಆಸಾಮಿಯಲ್ಲ ಅವನು. ಎಳೆದೊಯ್ಯುವುದಕ್ಕಿಂತ ಓಡಿಸಿಕೊಂಡು ಹೋಗುವುದು ಅಗ್ಗವೆಂದು, ಕ್ಯಾನಿನಲ್ಲಿ ತಂದಿದ್ದ ಪೆಟ್ರೋಲ್ ಸುರಿದು ಕೀಲಿ ತಿರುಗಿಸಿದ. ಎಂಜಿನ್ ಕೆಮ್ಮಿತು, ಗೊಣಗಿತು, ಗಡುವು ಮುಗಿಯುವ ಮೊದಲೇ ಎದ್ದು ಕೂತಿತು. ಕಿಟಕಿಯಲ್ಲಿ ಅತ್ತೆಯವರು ನಗಲು ಶುರುಮಾಡಿದವರು ಇನ್ನೂ ನಿಲ್ಲಿಸಿಲ್ಲ.

ಆದಕಾರಣ ನನ್ನ ಸವಿನಯ ಕೋರಿಕೆ: ಇಂಥ ಸ್ಥಿರತೆಯನ್ನು ತಾವು ಆ ಪುಟ್ಟ ಗಾಜಿನೊಳಗೆ ವ್ಯರ್ಥ ಮಾಡದೆ ಹೊರಬಂದು, ನನ್ನ ತಲೆಗೂದಲು, ಪೇಟೆಯ ಬೆಲೆ ಹಾಗೂ ಅತ್ತೆಯವರ ನಗು, ಈ ಮೂರನ್ನೂ ಅರ್ಧದಲ್ಲೇ ಹಿಡಿದು ನಿಲ್ಲಿಸಿಕೊಡಬೇಕು.

ತಮ್ಮ ವಿಶ್ವಾಸಿ (ಈಗ ಅದೂ ಅರ್ಧವೇ),
ಕಾರನ್ನು ಉಳಿಸಿಕೊಂಡವನು

ತಾ.ಕ.: ಗುಜರಿಯವನು ಬರಿಗೈಯಲ್ಲಿ ಹೋಗಲಿಲ್ಲ. "ಕಾರಿರ್ಲಿ ಅಣ್ಣಾ, ಇದನ್ನ ತೂಕಕ್ಕೆ ಹಾಕ್ಕೊಳ್ಳಿ" ಎಂದು ಮನೆಯಾಕೆ ನನ್ನ ಸ್ಪ್ಯಾನರ್ ಪೆಟ್ಟಿಗೆಯನ್ನು ಅವನ ಕೈಗಿತ್ತಳು. ಅಂಟಿನ ಟ್ಯೂಬ್ ಮಾತ್ರ ನನ್ನ ಜೇಬಿನಲ್ಲಿತ್ತು. ಅದರಲ್ಲಿ ಇನ್ನೂ ಅರ್ಧ ಉಳಿದಿದೆ, ಈ ಸಲ ಹಿಸುಕಿ ನೋಡಿಯೇ ಬರೆಯುತ್ತಿದ್ದೇನೆ. ತಮ್ಮ ಪಕ್ಕದ ಮನೆಯ ಸ್ಪೀಡಿನ ಮುಳ್ಳಿನವರು ಈಚೆಗೆ ತುಂಬ ನಡುಗುತ್ತಿದ್ದಾರಂತೆ. ನಾನು ವಿಚಾರಿಸಿದೆನೆಂದು ತಿಳಿಸಿ.